ರೆಪೊ ಇಳಿಯಿತು, ಕಂತು ಏಕೆ ಇಳಿಯಲಿಲ್ಲ? ಮಕ್ಕಳಿರುವ ಮನೆಯ ಗೃಹಸಾಲದ ಲೆಕ್ಕ

2025ರ ಆರಂಭದಲ್ಲಿ ಶೇ 6.50 ಇದ್ದ ರೆಪೊ ದರವನ್ನು (ಬ್ಯಾಂಕ್‌ಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು) ರಿಸರ್ವ್ ಬ್ಯಾಂಕ್ ಅದೇ ವರ್ಷದ ಡಿಸೆಂಬರ್ 5ರ ಹೊತ್ತಿಗೆ ಶೇ 5.25ಕ್ಕೆ ತಂದಿತು. ಫೆಬ್ರುವರಿ ಮತ್ತು ಏಪ್ರಿಲ್‌ನಲ್ಲಿ ಕಾಲು ಕಾಲು, ಜೂನ್‌ನಲ್ಲಿ ಒಮ್ಮೆಲೇ ಅರ್ಧ, ಡಿಸೆಂಬರ್‌ನಲ್ಲಿ ಮತ್ತೆ ಕಾಲು: ಒಟ್ಟು ಒಂದೂಕಾಲು ಶೇಕಡಾ ಅಂಶ. ಪ್ರತಿ ಸಲವೂ ‘ಗೃಹಸಾಲ ಅಗ್ಗ, ಇಎಂಐ ಇಳಿಕೆ’ ಎಂಬ ಸುದ್ದಿ ಬಂತು. ತಿಂಗಳು ತಿಂಗಳು ಖಾತೆಯಿಂದ ಮುರಿದುಕೊಳ್ಳುವ ಮೊತ್ತ ಮಾತ್ರ ಬಹಳಷ್ಟು ಮನೆಗಳಲ್ಲಿ ಮೊದಲಿನಷ್ಟೇ ಉಳಿಯಿತು. ಬ್ಯಾಂಕ್ ಮೋಸ ಮಾಡಿತೇ, ಸುದ್ದಿಯೇ ಸುಳ್ಳೇ ಎಂಬ ಅನುಮಾನ ಸಹಜ.

ಹೆಚ್ಚಿನವರ ಮಟ್ಟಿಗೆ ಎರಡೂ ಅಲ್ಲ. ದರ ಇಳಿದ ಲಾಭ ಅವರ ಸಾಲದ ಖಾತೆಗೆ ಬಂದಿದೆ, ಆದರೆ ಬಂದು ಕೂತಿರುವುದು ಸಾಲದ ಕೊನೆಯ ವರ್ಷಗಳಲ್ಲಿ. ಶಾಲೆಯ ಫೀಸು, ವ್ಯಾನ್ ಬಾಡಿಗೆ, ಮಗುವಿನ ಆಸ್ಪತ್ರೆ ಖರ್ಚು ಇರುವುದು ಈ ತಿಂಗಳು. ಇದರ ಜೊತೆಗೆ ‘ಸಾಲ ಬೇಗ ತೀರಿಸಿ’ ಎನ್ನುವವರ ಸಲಹೆ, ‘ತೀರಿಸಬೇಡಿ, ಎಸ್‌ಐಪಿ ಮಾಡಿ’ (ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕಿ) ಎನ್ನುವವರ ಸಲಹೆ ಎರಡೂ ಒಂದೇ ಫೋನಿನಲ್ಲಿ ಬಂದು ಬೀಳುತ್ತಿವೆ. ಒಂದೊಂದನ್ನೇ ಬಿಡಿಸಿ ನೋಡೋಣ.

ಇಳಿದ ಬಡ್ಡಿ ಹೋದದ್ದೆಲ್ಲಿಗೆ

ಫ್ಲೋಟಿಂಗ್ ದರದ ಸಾಲದಲ್ಲಿ ಬಡ್ಡಿ ಬದಲಾದಾಗ ಬ್ಯಾಂಕ್ ಎರಡರಲ್ಲಿ ಒಂದನ್ನು ಬದಲಿಸಬೇಕು: ತಿಂಗಳ ಕಂತು ಅಥವಾ ಉಳಿದ ಕಂತುಗಳ ಸಂಖ್ಯೆ. ಗ್ರಾಹಕ ಏನೂ ಹೇಳದಿದ್ದರೆ ಹೆಚ್ಚಿನ ಬ್ಯಾಂಕ್‌ಗಳು ಕಂತನ್ನು ಹಾಗೇ ಬಿಟ್ಟು ಅವಧಿಯನ್ನು ಹಿಗ್ಗಿಸುತ್ತವೆ ಇಲ್ಲವೇ ಕುಗ್ಗಿಸುತ್ತವೆ. ಕಂತು ಬದಲಿಸಬೇಕೆಂದರೆ ಖಾತೆಯಿಂದ ಕಂತು ತಾನಾಗಿ ಮುರಿದುಕೊಳ್ಳಲು ಕೊಟ್ಟ ಆದೇಶವನ್ನು ತಿದ್ದಬೇಕು. ಅವಧಿ ಬದಲಿಸುವುದು ಕಂಪ್ಯೂಟರಿನೊಳಗೇ ಮುಗಿಯುವ ಕೆಲಸ.

ಒಂದು ಲೆಕ್ಕ ಹಾಕೋಣ. 50 ಲಕ್ಷ ರೂಪಾಯಿ ಬಾಕಿ ಇದೆ, ಇನ್ನೂ 20 ವರ್ಷ ಇದೆ, ಬಡ್ಡಿ ಶೇ 8.75 ಇತ್ತು ಎಂದುಕೊಳ್ಳಿ. ಆಗಿನ ಕಂತು ಸುಮಾರು 44,186 ರೂಪಾಯಿ. ಒಂದೂಕಾಲು ಅಂಶ ಪೂರ್ತಿಯಾಗಿ ದಾಟಿ ಬಂದು ಬಡ್ಡಿ ಶೇ 7.50 ಆದರೆ, ಅದೇ 20 ವರ್ಷಕ್ಕೆ ಕಂತು 40,280 ರೂಪಾಯಿ ಆಗುತ್ತದೆ. ತಿಂಗಳಿಗೆ 3,900 ರೂಪಾಯಿ ಕೈಯಲ್ಲಿ ಉಳಿಯುತ್ತದೆ. ಅದರ ಬದಲು ಕಂತನ್ನು 44,186ರಲ್ಲೇ ಬಿಟ್ಟರೆ 240 ಕಂತುಗಳ ಸಾಲ ಸುಮಾರು 197 ಕಂತುಗಳಿಗೇ ಮುಗಿಯುತ್ತದೆ. ಮೂರೂವರೆ ವರ್ಷಕ್ಕೂ ಹೆಚ್ಚು ಮೊದಲೇ ಸಾಲ ತೀರುತ್ತದೆ. ಮೊದಲ ದಾರಿಯಲ್ಲಿ ಇನ್ನು ಮುಂದೆ ಕಟ್ಟುವ ಬಡ್ಡಿ ಸುಮಾರು 46.7 ಲಕ್ಷ, ಎರಡನೆಯದರಲ್ಲಿ 37.1 ಲಕ್ಷ. ವ್ಯತ್ಯಾಸ ಒಂಬತ್ತೂವರೆ ಲಕ್ಷ.

ಹಾಗಾಗಿ ‘ಕಂತು ಇಳಿಯಲಿಲ್ಲ’ ಎಂದು ದೂರುವ ಸಾಲಗಾರನಿಗೆ ಅವನನ್ನು ಕೇಳದೆಯೇ ದೊಡ್ಡ ಉಳಿತಾಯವೊಂದು ಆಗಿರಬಹುದು. ‘ಕೇಳದೆಯೇ’ ಎಂಬುದೇ ಇಲ್ಲಿನ ತಕರಾರು. ಆ ಉಳಿತಾಯ ಒಳ್ಳೆಯದೋ ಅಲ್ಲವೋ ಎಂಬುದು ಮನೆಯ ಪರಿಸ್ಥಿತಿಯ ಮೇಲೆ ನಿಂತಿದೆ, ಮನೆಯ ಪರಿಸ್ಥಿತಿ ಬ್ಯಾಂಕಿನ ಕಂಪ್ಯೂಟರಿಗೆ ಗೊತ್ತಿಲ್ಲ.

2022ರಲ್ಲಿ ಹಿಗ್ಗಿದ ಅವಧಿ

ಇನ್ನೊಂದು ಗುಂಪಿನವರ ಕತೆ ಬೇರೆ. ಕೋವಿಡ್ ಕಾಲದಲ್ಲಿ ರೆಪೊ ಶೇ 4ಕ್ಕೆ ಇಳಿದಿದ್ದಾಗ, 2021ರಲ್ಲಿ ಸಾಲ ತೆಗೆದುಕೊಂಡವರು ಇವರು. ಆಗ ಶೇ 6.75ಕ್ಕೆ ಗೃಹಸಾಲ ಸಿಗುತ್ತಿತ್ತು. 50 ಲಕ್ಷಕ್ಕೆ 20 ವರ್ಷದ ಕಂತು ಸುಮಾರು 38,018 ರೂಪಾಯಿ. 2022ರ ಮೇನಿಂದ 2023ರ ಫೆಬ್ರುವರಿಯೊಳಗೆ ರೆಪೊ ಎರಡೂವರೆ ಅಂಶ ಏರಿ ಶೇ 6.50 ಮುಟ್ಟಿತು. ಸಾಲದ ಬಡ್ಡಿಯೂ ಶೇ 9.25ಕ್ಕೆ ಹೋಯಿತು.

ಲೆಕ್ಕ ಸರಳವಾಗಲೆಂದು ಒಂದೂವರೆ ವರ್ಷದ ಕೊನೆಗೆ ಬಡ್ಡಿ ಒಮ್ಮೆಗೇ ಏರಿತು ಎಂದು ಇಟ್ಟುಕೊಳ್ಳೋಣ. ಆ ಹೊತ್ತಿಗೆ ಉಳಿದ ಅಸಲು ಸುಮಾರು 48.13 ಲಕ್ಷ. ಶೇ 9.25ರಂತೆ ಅದರ ಒಂದು ತಿಂಗಳ ಬಡ್ಡಿಯೇ 37,101 ರೂಪಾಯಿ. 38,018 ರೂಪಾಯಿ ಕಂತಿನಲ್ಲಿ ಅಸಲಿಗೆ ಹೋಗುವುದು 917 ರೂಪಾಯಿ. ಇದೇ ಕಂತು ಮುಂದುವರಿದರೆ ಸಾಲ ತೀರಲು ಇನ್ನೂ 40 ವರ್ಷ ಬೇಕು. ಮೊದಲಿನ ಅವಧಿಯಲ್ಲೇ ಮುಗಿಸಬೇಕೆಂದರೆ ಕಂತು 45,347ಕ್ಕೆ ಏರಬೇಕು, ಅಂದರೆ ತಿಂಗಳಿಗೆ 7,300ಕ್ಕೂ ಹೆಚ್ಚು. ಬ್ಯಾಂಕ್‌ಗಳು ನಡುವಿನ ದಾರಿ ಹಿಡಿದವು: ಕಂತನ್ನು ಒಂದಿಷ್ಟು ಏರಿಸಿ, ಉಳಿದದ್ದನ್ನು ಅವಧಿಗೆ ತಳ್ಳಿದವು. 40ನೇ ವಯಸ್ಸಿನಲ್ಲಿ ಸಾಲ ಮಾಡಿ ನಿವೃತ್ತಿಯೊಳಗೆ ತೀರುತ್ತದೆ ಎಂದುಕೊಂಡವರ ಕೊನೆಯ ಕಂತು ನಿವೃತ್ತಿಯ ಎಷ್ಟೋ ವರ್ಷದ ಆಚೆಗೆ ಹೋಯಿತು.

ಈಗಿನ ದರ ಇಳಿಕೆ ಇವರ ಪಾಲಿಗೆ ಮೊದಲು ಮಾಡುವ ಕೆಲಸ ಹೀಗೆ ಹಿಗ್ಗಿದ್ದನ್ನು ಕುಗ್ಗಿಸುವುದು. ಕಂತು ಇಳಿಯುವ ಮಾತು ಅದಾದ ಮೇಲೆ. ಬಡ್ಡಿ ಈಗಲೂ 2021ರ ಮಟ್ಟಕ್ಕೆ ವಾಪಸಾಗಿಲ್ಲ. ಎರಡೂವರೆ ಏರಿ ಒಂದೂಕಾಲು ಇಳಿದಿದೆ, ಅರ್ಧ ದಾರಿಯಷ್ಟೇ.

ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆ ಬಂದದ್ದು ಇದೇ ಹಿನ್ನೆಲೆಯಲ್ಲಿ. ಬಡ್ಡಿ ಪರಿಷ್ಕರಣೆಯಾದಾಗ ಕಂತು ಹೆಚ್ಚಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡನ್ನೂ ಸೇರಿಸಬೇಕೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕು. ಬಡ್ಡಿಯೂ ಮುಟ್ಟದಷ್ಟು ಕಂತು ಸಣ್ಣದಾಗಿ ಸಾಲ ಬೆಳೆಯುವಂತೆ ಅವಧಿ ಹಿಗ್ಗಿಸಬಾರದು. ಈವರೆಗೆ ಕಟ್ಟಿದ ಅಸಲು, ಬಡ್ಡಿ, ಈಗಿನ ಕಂತು, ಉಳಿದ ಕಂತುಗಳ ಸಂಖ್ಯೆ ಇವಿಷ್ಟನ್ನೂ ಮೂರು ತಿಂಗಳಿಗೊಮ್ಮೆ ತಿಳಿಸಬೇಕು ಎಂದು ಅದು ಹೇಳಿತು. ಆ ತ್ರೈಮಾಸಿಕ ಪಟ್ಟಿಯನ್ನು ತೆರೆದು ನೋಡುವವರು ಕಡಿಮೆ. ‘ಉಳಿದ ಕಂತು’ ಎಂಬ ಅದರ ಒಂದು ಸಾಲನ್ನು ನೋಡಿದರೆ ದರ ಇಳಿಕೆ ತಮಗೆ ಮುಟ್ಟಿದೆಯೇ ಇಲ್ಲವೇ ಎಂಬ ಅರ್ಧ ಅನುಮಾನ ಅಲ್ಲೇ ತೀರುತ್ತದೆ.

ಎಲ್ಲರಿಗೂ ಒಂದೇ ವೇಗದಲ್ಲಿ ಮುಟ್ಟುವುದಿಲ್ಲ

ಉಳಿದರ್ಧ ಅನುಮಾನಕ್ಕೆ ಸಾಲದ ಜಾತಿ ತಿಳಿಯಬೇಕು. 2019ರ ಅಕ್ಟೋಬರ್ 1ರ ನಂತರ ಬ್ಯಾಂಕ್‌ಗಳು ಕೊಟ್ಟ ಫ್ಲೋಟಿಂಗ್ ಗೃಹಸಾಲಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿವೆ. ಮೂರು ತಿಂಗಳಿಗೊಮ್ಮೆಯಾದರೂ ಅವುಗಳ ದರವನ್ನು ಮಾನದಂಡಕ್ಕೆ ತಕ್ಕಂತೆ ಪರಿಷ್ಕರಿಸಲೇಬೇಕು. ಡಿಸೆಂಬರ್‌ನ ಇಳಿಕೆ ಕೆಲವರಿಗೆ ಜನವರಿಯಲ್ಲಿ, ಕೆಲವರಿಗೆ ಮಾರ್ಚ್‌ನಲ್ಲಿ ಮುಟ್ಟುವುದು ಇದರಿಂದಲೇ. ಅದಕ್ಕೂ ಹಿಂದಿನ ಎಂಸಿಎಲ್‌ಆರ್ ಸಾಲಗಳು ಬ್ಯಾಂಕಿನ ಠೇವಣಿ ವೆಚ್ಚಕ್ಕೆ ಕಟ್ಟಿಬಿದ್ದಿವೆ, ನಿಧಾನಕ್ಕೆ ಇಳಿಯುತ್ತವೆ. ಗೃಹಸಾಲ ಕಂಪನಿಗಳಿಗೆ ಮತ್ತು ಎನ್‌ಬಿಎಫ್‌ಸಿಗಳಿಗೆ (ಬ್ಯಾಂಕೇತರ ಹಣಕಾಸು ಕಂಪನಿಗಳಿಗೆ) ಹೊರಗಿನ ಮಾನದಂಡದ ಕಡ್ಡಾಯವೇ ಇಲ್ಲ. ತಮ್ಮದೇ ಪ್ರೈಮ್ ದರವನ್ನು ಯಾವಾಗ, ಎಷ್ಟು ಇಳಿಸಬೇಕೆಂದು ಅವೇ ತೀರ್ಮಾನಿಸುತ್ತವೆ. ‘ಇಳಿದೇ ಇಲ್ಲ’ ಎಂಬ ದೂರು ನಿಜವಾಗಿರುವ ಸಾಧ್ಯತೆ ಹೆಚ್ಚಿರುವುದು ಇಲ್ಲಿ.

ಮಾನದಂಡದ ಮೇಲೆ ಬ್ಯಾಂಕ್ ಸೇರಿಸುವ ‘ಸ್ಪ್ರೆಡ್’ ಎಂಬುದೊಂದಿದೆ. ಹೊಸ ಗ್ರಾಹಕನನ್ನು ಸೆಳೆಯಲು ಬ್ಯಾಂಕ್ ಅದನ್ನು ತಗ್ಗಿಸುತ್ತದೆ, ಹಳೆಯವನಿಗೆ ಹಳೆಯದೇ ಇರುತ್ತದೆ. ಒಂದೇ ಬ್ಯಾಂಕಿನಲ್ಲಿ, ಒಂದೇ ಅಪಾರ್ಟ್‌ಮೆಂಟಿನ ಇಬ್ಬರಿಗೆ ಬೇರೆ ಬೇರೆ ಬಡ್ಡಿ ಇರುವುದು ಹೀಗೆ. ಈ ಸ್ಪ್ರೆಡ್‌ನ ಕೆಲವು ಭಾಗಗಳನ್ನು ಮೂರು ವರ್ಷ ಮುಟ್ಟುವಂತಿಲ್ಲ ಎಂಬ ನಿಯಮವಿತ್ತು. 2025ರ ಅಕ್ಟೋಬರ್ 1ರಿಂದ, ಗ್ರಾಹಕನನ್ನು ಉಳಿಸಿಕೊಳ್ಳುವ ಸಲುವಾಗಿ ಮೂರು ವರ್ಷಕ್ಕೆ ಮೊದಲೇ ತಗ್ಗಿಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಹಾಗಾಗಿ ‘ಬೇರೆ ಬ್ಯಾಂಕಿಗೆ ಸಾಲ ವರ್ಗ ಮಾಡಿಕೊಳ್ಳುತ್ತೇನೆ’ ಎನ್ನುವ ಅರ್ಜಿಗೆ ಈಗ ಮೊದಲಿಗಿಂತ ತೂಕ ಜಾಸ್ತಿ. ಬರೆದು ಕೊಡಬೇಕಷ್ಟೆ.

ಮಗು ಬಂದ ಮೇಲೆ ಬದಲಾಗುವ ಗಣಿತ

ಮಕ್ಕಳಿರುವ ಮನೆಯ ಸಾಲದ ಕಷ್ಟ ಶುರುವಾಗುವುದು ಬಡ್ಡಿಯಿಂದಲ್ಲ, ಸಾಲ ಮಂಜೂರಾದ ದಿನದ ಲೆಕ್ಕದಿಂದ.

ಬೆಂಗಳೂರಿನಲ್ಲಿ 60 ಲಕ್ಷದ ಫ್ಲಾಟ್ ಎಂದುಕೊಳ್ಳಿ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಮನೆ ಬೆಲೆಯ ಶೇ 80ರಷ್ಟನ್ನು ಮಾತ್ರ ಕೊಡಬಹುದು, ಇಲ್ಲಿ 48 ಲಕ್ಷ. ಉಳಿದ 12 ಲಕ್ಷ ಸ್ವಂತದ್ದು. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕವನ್ನು ರಾಜ್ಯ ಸರ್ಕಾರ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿಸಿದೆ. ಎರಡೂ ಸೇರಿ ಸುಮಾರು 4.56 ಲಕ್ಷ. ಇದನ್ನು ಮನೆ ಬೆಲೆಯಲ್ಲಿ ಸೇರಿಸಿ ಸಾಲ ಕೊಡುವಂತಿಲ್ಲ. ಕಪಾಟು, ಗ್ರಿಲ್, ಅಡುಗೆಮನೆಯ ಕೆಲಸ ಬಿಟ್ಟು ಹದಿನಾರೂವರೆ ಲಕ್ಷ ಕೈಯಿಂದ ಬರಬೇಕು. ಇದ್ದ ಎಫ್‌ಡಿ ಮುರಿದು, ಪಿಎಫ್‌ನಿಂದ ತೆಗೆದು, ಚೀಟಿ ಎತ್ತಿ, ಒಡವೆ ಅಡವಿಟ್ಟು, ಇನ್ನೂ ಸಾಲದೆ ಪರ್ಸನಲ್ ಲೋನ್ ಮಾಡಿ ಹೊಂದಿಸಿದವರು ಗೃಹಪ್ರವೇಶದ ದಿನ ಬರಿಗೈಯಲ್ಲಿರುತ್ತಾರೆ. ಗೃಹಸಾಲದ ಜೊತೆಗೆ ಅದಕ್ಕಿಂತ ದುಬಾರಿ ಸಾಲ ಒಂದೆರಡು ಮೊದಲ ದಿನದಿಂದಲೇ ಇರುತ್ತವೆ.

ಎರಡನೆಯದು ಆದಾಯ. ಗಂಡ ಹೆಂಡತಿ ಇಬ್ಬರ ಸಂಬಳ ಸೇರಿಸಿ ಸಾಲದ ಅರ್ಹತೆ ಕಟ್ಟಲಾಗುತ್ತದೆ. ಒಬ್ಬರದು 65 ಸಾವಿರ, ಇನ್ನೊಬ್ಬರದು 45 ಸಾವಿರ ಇದ್ದರೆ 44 ಸಾವಿರದ ಕಂತು ಒಟ್ಟು ಆದಾಯದ ಶೇ 40 ಮಾತ್ರ. ಹೆರಿಗೆಗೆ ಕಾನೂನು ಕೊಡುವ ಸಂಬಳಸಹಿತ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. ಅದಾದ ಮೇಲೆ ಮಗುವನ್ನು ನೋಡಿಕೊಳ್ಳುವವರಿಲ್ಲದೆ ತಾಯಿ ಕೆಲಸ ಬಿಟ್ಟರೆ ಅದೇ ಕಂತು ಉಳಿದ ಒಂದು ಸಂಬಳದ ಶೇ 68 ಆಗುತ್ತದೆ. ಕೆಲಸ ಬಿಡದಿದ್ದರೆ ಡೇಕೇರ್ ಶುಲ್ಕ. ಎರಡರಲ್ಲಿ ಒಂದು ಖಚಿತ, ಆದರೆ ಮಂಜೂರಾತಿ ಪತ್ರದಲ್ಲಿ ಎರಡೂ ಇಲ್ಲ. ಮುಂದೆ ಪ್ರತಿ ಬೇಸಿಗೆಯ ಕೊನೆಗೆ ಶಾಲೆಯ ಖರ್ಚು ಒಟ್ಟಿಗೆ ಎದುರಾಗುತ್ತದೆ: ಫೀಸಿನ ಮೊದಲ ಕಂತು, ಪುಸ್ತಕ, ಸಮವಸ್ತ್ರ, ಶೂ, ವ್ಯಾನ್ ಅಡ್ವಾನ್ಸ್. 2025ರ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿದದ್ದು ರೆಪೊ ಇಳಿಕೆಗೆ ದಾರಿ ಮಾಡಿದ ಕಾರಣಗಳಲ್ಲಿ ಒಂದು. ಅದನ್ನು ಮುಖ್ಯವಾಗಿ ತಗ್ಗಿಸಿದ್ದು ತರಕಾರಿ, ಬೇಳೆಗಳ ಬೆಲೆ. ಫೀಸು ಇಳಿಸಿದ ಶಾಲೆಯ ಸುದ್ದಿ ಯಾರೂ ಓದಿರಲಿಕ್ಕಿಲ್ಲ.

ಬೇಗ ತೀರಿಸಿ ಎನ್ನುವವರು

ಈ ಬಣದ ವಾದಕ್ಕೆ ಗಟ್ಟಿ ಆಧಾರವಿದೆ. ಶೇ 7.50ರ 50 ಲಕ್ಷ ಸಾಲದ ಮೊದಲ ಕಂತು 40,280 ರೂಪಾಯಿ. ಅದರಲ್ಲಿ ಬಡ್ಡಿಯೇ 31,250, ಅಸಲಿಗೆ ಹೋಗುವುದು 9,030. ಮೊದಲ ವರ್ಷದ ಕೊನೆಗೆ ಹೆಚ್ಚುವರಿಯಾಗಿ 1 ಲಕ್ಷ ಕಟ್ಟಿ ಕಂತನ್ನು ಹಾಗೇ ಬಿಟ್ಟರೆ, ಕೊನೆಯ ಹತ್ತು ಕಂತುಗಳು ಇಲ್ಲವಾಗಿ ಸುಮಾರು 3 ಲಕ್ಷ ರೂಪಾಯಿ ಬಡ್ಡಿ ಉಳಿಯುತ್ತದೆ. ಅದೇ 1 ಲಕ್ಷವನ್ನು 15 ವರ್ಷವಾದ ಮೇಲೆ ಕಟ್ಟಿದರೆ ಉಳಿಯುವುದು ಸುಮಾರು 44 ಸಾವಿರ. ಫ್ಲೋಟಿಂಗ್ ದರದಲ್ಲಿ ವ್ಯಕ್ತಿಗಳು ತೆಗೆದುಕೊಂಡ ಗೃಹಸಾಲಕ್ಕೆ ಅವಧಿಗೆ ಮೊದಲು ಕಟ್ಟಿದರೆ ದಂಡ ಹಾಕುವಂತಿಲ್ಲ, ಬ್ಯಾಂಕ್‌ಗಳಿಗೆ ಈ ನಿಯಮ 2012ರಿಂದಲೇ ಇದೆ.

‘ಮೊದಲ ವರ್ಷಗಳಲ್ಲೇ ಕಟ್ಟಿ, ಲಾಭ ಹೆಚ್ಚು’ ಎಂಬ ಮಾತು ಮಾತ್ರ ಅರ್ಧ ಸತ್ಯ. ಮೊದಲ ವರ್ಷ ಕಟ್ಟಿದರೂ ಹದಿನಾರನೇ ವರ್ಷ ಕಟ್ಟಿದರೂ ಆ ಲಕ್ಷ ದುಡಿಯುವುದು ಒಂದೇ ದರದಲ್ಲಿ, ವರ್ಷಕ್ಕೆ ಶೇ 7.50. ಮೊದಲೇ ಕಟ್ಟಿದ್ದು ಹೆಚ್ಚು ವರ್ಷ ದುಡಿಯುತ್ತದೆ, ಹಾಗಾಗಿ ಮೊತ್ತ ದೊಡ್ಡದಾಗಿ ಕಾಣುತ್ತದೆ. ಶೇ 7.50ಕ್ಕಿಂತ ಹೆಚ್ಚು ದುಡಿಯುವ ಇಲ್ಲವೇ ಹೆಚ್ಚು ಅಗತ್ಯವಿರುವ ಜಾಗ ಆ ಲಕ್ಷಕ್ಕೆ ಬೇರೆಲ್ಲೂ ಇಲ್ಲದಿದ್ದರೆ ಮಾತ್ರ ಈ ವಾದ ಪೂರ್ತಿ ನಿಲ್ಲುತ್ತದೆ.

ಈ ಬಣಕ್ಕೆ ಇತ್ತೀಚೆಗೆ ಹೊಸ ಬಲ ಬಂದಿರುವುದು ಆದಾಯ ತೆರಿಗೆಯಿಂದ. ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ. ಶೇ 30ರ ಶ್ರೇಣಿಯವರಿಗೆ ಸೆಸ್ ಸೇರಿ 62,400 ರೂಪಾಯಿ ಉಳಿಯುತ್ತದೆ. ‘ಸಾಲ ಇಟ್ಟುಕೊಳ್ಳಿ, ತೆರಿಗೆ ಉಳಿಯುತ್ತದೆ’ ಎಂದು ಆಡಿಟರುಗಳು ಹೇಳುತ್ತಿದ್ದದ್ದು ಇದಕ್ಕೆ. ಹೊಸ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ, ಸಂಬಳದಾರರಾದರೆ 12.75 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲವಾದ್ದರಿಂದ ಮಧ್ಯಮ ವರ್ಗದ ಬಹುಪಾಲು ಅತ್ತ ಹೋಗಿದೆ. ಹೋದವರ ಪಾಲಿಗೆ ಶೇ 7.50 ಎಂದರೆ ಪೂರ್ತಿ ಶೇ 7.50. ತೆರಿಗೆ ಉಳಿಸಲು ಸಾಲ ಎಂಬ ಹಳೆಯ ಬುದ್ಧಿಮಾತನ್ನು ಅವರು ಬಿಡುವುದೇ ಸರಿ.

ತೀರಿಸಬೇಡಿ ಎನ್ನುವವರು

ಇವರಲ್ಲೂ ಎರಡು ಪಂಗಡ. ಮೊದಲನೆಯವರು ಷೇರು ಮಾರುಕಟ್ಟೆಯವರು: ಮ್ಯೂಚುವಲ್ ಫಂಡ್ ದೀರ್ಘಾವಧಿಯಲ್ಲಿ ಸಾಲದ ಬಡ್ಡಿಗಿಂತ ಹೆಚ್ಚು ಕೊಡುತ್ತದೆ ಎನ್ನುತ್ತಾರೆ. ಕೊಡಬಹುದು, ಕೊಡದೆಯೂ ಇರಬಹುದು. ಸಾಲದ ಬಡ್ಡಿ ಖಚಿತ, ಅದು ಅಂದಾಜು. ಬಂದ ಲಾಭ ವರ್ಷಕ್ಕೆ 1.25 ಲಕ್ಷ ದಾಟಿದರೆ ಮೇಲಿನದಕ್ಕೆ ಶೇ 12.5 ತೆರಿಗೆಯೂ ಇದೆ. ಮಗಳ ಕಾಲೇಜು ಸೇರುವ ವರ್ಷವೇ ಮಾರುಕಟ್ಟೆ ಕುಸಿದರೆ ಸರಾಸರಿಯ ಮಾತು ಯಾರ ಫೀಸನ್ನೂ ಕಟ್ಟುವುದಿಲ್ಲ.

ಎರಡನೆಯ ಪಂಗಡದ ವಾದ ಹೆಚ್ಚು ಗಂಭೀರವಾದದ್ದು, ಆದರೆ ಕಡಿಮೆ ಕೇಳಿಬರುತ್ತದೆ. ಸರ್ಕಾರದ ಖಾತರಿ ಇರುವ, ತೆರಿಗೆ ಇಲ್ಲದ ಯೋಜನೆಗಳನ್ನು ಅವರು ತೋರಿಸುತ್ತಾರೆ. ಹತ್ತು ವರ್ಷದೊಳಗಿನ ಮಗಳಿದ್ದರೆ ಸುಕನ್ಯಾ ಸಮೃದ್ಧಿ ಖಾತೆಗೆ ವರ್ಷಕ್ಕೆ 1.5 ಲಕ್ಷದವರೆಗೆ ಹಾಕಬಹುದು. 2024ರಿಂದ ಅದರ ಬಡ್ಡಿ ಶೇ 8.2. ಸಾಲ ಶೇ 7.50ರಲ್ಲಿ, ಮಗಳ ಹೆಸರಿನ ಖಾತೆ ಶೇ 8.2ರಲ್ಲಿ ಇದ್ದರೆ, ಖಾತೆಗೆ ಹಾಕುವ ಹಣ ನಿಲ್ಲಿಸಿ ಸಾಲಕ್ಕೆ ಕಟ್ಟುವುದು ನಷ್ಟದ ವ್ಯವಹಾರ. ಶೇ 7.1ರ ಪಿಪಿಎಫ್ ವಿಷಯದಲ್ಲಿ ಇದೇ ಮಾತು ತಿರುಗುಮುರುಗು. ಸಾಲದ ಬಡ್ಡಿ ಇಳಿದಷ್ಟೂ ಬೇಗ ತೀರಿಸುವವರ ವಾದ ಸಡಿಲವಾಗುತ್ತದೆ, ಏರಿದಷ್ಟೂ ಬಿಗಿಯಾಗುತ್ತದೆ. 2023ರಲ್ಲಿ ಶೇ 9.25 ಇದ್ದಾಗ ಸರಿಯಾಗಿದ್ದ ಸಲಹೆ ಈಗಲೂ ಅಷ್ಟೇ ಸರಿ ಎನ್ನಲಾಗದು.

ಕಟ್ಟಿದ ಹಣ ಹಿಂದಕ್ಕೆ ಬರುವುದಿಲ್ಲ

ಎರಡೂ ಬಣಗಳು ಶೇಕಡಾವಾರಿನಲ್ಲೇ ಜಗಳವಾಡುತ್ತವೆ. ಮಕ್ಕಳಿರುವ ಮನೆಗೆ ಶೇಕಡಾವಾರಿಗಿಂತ ದೊಡ್ಡ ಪ್ರಶ್ನೆ ಒಂದಿದೆ: ಬೇಕಾದಾಗ ಹಣ ಕೈಗೆ ಬರುತ್ತದೆಯೇ?

ಕಳೆದ ವರ್ಷ 5 ಲಕ್ಷ ಹೆಚ್ಚುವರಿ ಕಟ್ಟಿದ ಕುಟುಂಬದಲ್ಲಿ ಈ ವರ್ಷ ಒಬ್ಬರ ಕೆಲಸ ಹೋಯಿತು ಎನ್ನಿ. ‘ಮುಂಗಡ ಕಟ್ಟಿದ್ದೇನಲ್ಲ, ಹತ್ತು ತಿಂಗಳು ಕಂತು ಬಿಡಿ’ ಎಂದರೆ ಬ್ಯಾಂಕ್ ಕೇಳುವುದಿಲ್ಲ. ಆ 5 ಲಕ್ಷ ಕೊನೆಯ ಕಂತುಗಳನ್ನು ಕಡಿದಿದೆ, ಮುಂದಿನ ತಿಂಗಳ ಕಂತು ಹಾಗೇ ಇದೆ. 90 ದಿನ ಬಾಕಿ ಬಿದ್ದರೆ ಸಾಲ ಎನ್‌ಪಿಎ (ವಸೂಲಾಗದ ಸಾಲ). ಆಮೇಲೆ, ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ವಶಪಡಿಸಿಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್. ಟಾಪ್‌ಅಪ್ ಸಾಲ ಕೇಳೋಣವೆಂದರೆ ಸಂಬಳದ ಚೀಟಿ ಬೇಕು, ಇಲ್ಲದಿರುವುದೇ ಅದು. ಅಡವಿಡಲು ಒಡವೆ, ಇಲ್ಲವೇ ಕ್ರೆಡಿಟ್ ಕಾರ್ಡ್ ಉಳಿಯುತ್ತವೆ. ಶೇ 7.50 ಉಳಿಸಲು ಹೋಗಿ ಶೇ 40ರ ಬಾಗಿಲು ತಟ್ಟಿದಂತಾಯಿತು.

ಕಾರ್ಡಿನ ಬಾಕಿ ಎಷ್ಟು ತಿನ್ನುತ್ತದೆ ಎಂಬುದನ್ನು ನೋಡಿ. ತಿಂಗಳಿಗೆ ಶೇ 3.5ರಂತೆ ಒಂದೂವರೆ ಲಕ್ಷ ಬಾಕಿಗೆ ಬಡ್ಡಿ 5,250 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಬೇರೆ. 50 ಲಕ್ಷದ ಗೃಹಸಾಲದಲ್ಲಿ ನಾಲ್ಕು ಸಲದ ರೆಪೊ ಇಳಿಕೆ ಸೇರಿ ತಿಂಗಳಿಗೆ ಉಳಿಸುವುದು 3,900. ಒಂದು ಕಾರ್ಡು ರಿಸರ್ವ್ ಬ್ಯಾಂಕ್ ಕೊಟ್ಟದ್ದನ್ನೆಲ್ಲ ನುಂಗಿ ಇನ್ನೂ ಕೇಳುತ್ತದೆ. ಅದೇ ಒಂದೂವರೆ ಲಕ್ಷವನ್ನು ಶೇ 14ರ ಮೂರು ವರ್ಷದ ಪರ್ಸನಲ್ ಲೋನಿಗೆ ಬದಲಿಸಿಕೊಂಡರೆ ಕಂತು ಸುಮಾರು 5,127 ರೂಪಾಯಿ. ಕಾರ್ಡಿಗೆ ಬರೀ ಬಡ್ಡಿಯೆಂದು ಕಟ್ಟುತ್ತಿದ್ದುದಕ್ಕಿಂತ ಕಡಿಮೆ ದುಡ್ಡಿನಲ್ಲಿ 36 ತಿಂಗಳಿಗೆ ಸಾಲವೇ ತೀರುತ್ತದೆ.

ಇದು ಬಿಡಿ ಮನೆಗಳ ಕತೆಯಲ್ಲ. ದೇಶದ ಕುಟುಂಬಗಳ ಸಾಲ ಜಿಡಿಪಿಯ ಸುಮಾರು ಶೇ 42ರಷ್ಟಿದೆ. ಅದರಲ್ಲಿ ಗೃಹಸಾಲದ ಪಾಲು ಮೂರನೇ ಒಂದಕ್ಕಿಂತ ಕಡಿಮೆ. ಅರ್ಧಕ್ಕೂ ಹೆಚ್ಚು ಗೃಹಸಾಲವಲ್ಲದ ಚಿಲ್ಲರೆ ಸಾಲ ಎಂದು ರಿಸರ್ವ್ ಬ್ಯಾಂಕಿನ ಹಣಕಾಸು ಸ್ಥಿರತೆ ವರದಿಗಳೇ ಹೇಳುತ್ತವೆ. ಚರ್ಚೆಯೆಲ್ಲ ರೆಪೊ ಸುತ್ತ ನಡೆಯುತ್ತದೆ, ಮನೆಗಳನ್ನು ಹಿಂಡುವ ಸಾಲ ಬಹಳ ಸಲ ಬೇರೆಯದೇ ಇರುತ್ತದೆ.

ಹಾಗಾದರೆ ಬ್ಯಾಂಕಿಗೆ ಏನು ಹೇಳಬೇಕು

ಕಾರ್ಡಿನ ಬಾಕಿ, ಪರ್ಸನಲ್ ಲೋನ್, ಅಡವಿನ ಒಡವೆ ಇದ್ದು, ಕಂತೂ ಸೇರಿದಂತೆ ಆರು ತಿಂಗಳ ಮನೆಖರ್ಚಿನಷ್ಟು ಹಣ ಕೈಯಲ್ಲಿ ಇಲ್ಲದ ಕುಟುಂಬಕ್ಕೆ ಬ್ಯಾಂಕ್ ತಾನಾಗಿ ಮಾಡಿದ ಅವಧಿ ಕಡಿತ ಈಗ ಉಪಯೋಗವಿಲ್ಲದ ಉಡುಗೊರೆ. ಅವರು ಅರ್ಜಿ ಕೊಟ್ಟು ಕಂತು ಇಳಿಸಿಕೊಳ್ಳುವುದೇ ಮೇಲು. ದರ ಇಳಿದಾಗ ಕೇಳಿದರೆ ಬ್ಯಾಂಕ್‌ಗಳು ಸಾಮಾನ್ಯವಾಗಿ ಮಾಡಿಕೊಡುತ್ತವೆ. ಒಂಬತ್ತೂವರೆ ಲಕ್ಷ ಹೋಯಿತಲ್ಲ ಎಂದು ಮರುಗಬೇಕಿಲ್ಲ. ಉಳಿದ 3,900 ರೂಪಾಯಿಯಿಂದ ದುಬಾರಿ ಸಾಲ ತೀರಿದ ಮೇಲೆ, ಚಿಕ್ಕ ಮಗು ಶಾಲೆಗೆ ಹೋಗಿ ಎರಡನೇ ಸಂಬಳ ಮತ್ತೆ ಶುರುವಾದ ಮೇಲೆ, ಕಂತನ್ನು ಹಿಂದಿನಷ್ಟಕ್ಕೆ ಏರಿಸಿಕೊಂಡರೆ ಹೋದದ್ದರಲ್ಲಿ ದೊಡ್ಡ ಪಾಲು ಹಿಂದಕ್ಕೆ ಬರುತ್ತದೆ. ಅಪಾಯ ಒಂದೇ: ಉಳಿದ ಹಣಕ್ಕೆ ಹೊಸ ಬೈಕಿನ ಕಂತು ಶುರುವಾದರೆ ಈ ಲೆಕ್ಕವೆಲ್ಲ ವ್ಯರ್ಥ.

ದುಬಾರಿ ಸಾಲವಿಲ್ಲದೆ, ಆಪತ್ತಿಗೆ ಹಣ ಇಟ್ಟುಕೊಂಡವರು ಕಂತನ್ನು ಮುಟ್ಟದಿರುವುದು ಲೇಸು. ಶ್ರಮವಿಲ್ಲದೆ ಆಗುವ ಉಳಿತಾಯ ಇದಕ್ಕಿಂತ ಸುಲಭದ್ದಿಲ್ಲ. 2021ರ ಸಾಲಗಾರರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕೊನೆಯ ಕಂತು ತಮ್ಮ ಎಷ್ಟನೇ ವಯಸ್ಸಿಗೆ ಬೀಳುತ್ತದೆ ಎಂದು ಕೇಳಿ ತಿಳಿದುಕೊಳ್ಳಬೇಕು. ಅದು ನಿವೃತ್ತಿ ದಾಟಿದ್ದರೆ ಬೋನಸ್ಸು, ಇನ್‌ಕ್ರಿಮೆಂಟು ಮೊದಲು ಅಲ್ಲಿಗೇ ಹೋಗಬೇಕು.

ಎರಡರ ನಡುವೆ ನಿಂತವರಿಗೆ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲವಿದೆ. ಹೆಚ್ಚುವರಿ ಹಣವನ್ನು ಸಾಲದ ಖಾತೆಯಲ್ಲೇ ಇಟ್ಟರೆ ಅಷ್ಟಕ್ಕೆ ಬಡ್ಡಿ ಬೀಳುವುದಿಲ್ಲ, ಬೇಕಾದಾಗ ಹಿಂದಕ್ಕೆ ತೆಗೆಯಬಹುದು. ಸಾಮಾನ್ಯ ಸಾಲಕ್ಕಿಂತ ಬಡ್ಡಿ ತುಸು ಹೆಚ್ಚು ಇರುತ್ತದೆ. ಯಾವಾಗಲೂ ಎರಡು ಮೂರು ಲಕ್ಷ ಅದರಲ್ಲಿ ನಿಲ್ಲುವುದಿಲ್ಲ ಎಂದಾದರೆ ಆ ಹೆಚ್ಚಿನ ಬಡ್ಡಿ ದಂಡ.

ಮುಂದೆ ಏನಾಗಬಹುದು

ರೆಪೊ ಇಳಿದಾಗ ಠೇವಣಿಯ ಬಡ್ಡಿಯೂ ಇಳಿಯುತ್ತದೆ. ಮಗ ಸೊಸೆಯ ಗೃಹಸಾಲಕ್ಕೆ ಸಿಕ್ಕಿದ್ದು ಅದೇ ಮನೆಯಲ್ಲಿರುವ ಅಪ್ಪ ಅಮ್ಮನ ಎಫ್‌ಡಿ ಬಡ್ಡಿಯಿಂದ ಹೋಗುತ್ತದೆ. ಔಷಧದ ಖರ್ಚು ಅವರ ಬಡ್ಡಿಯಲ್ಲಿ ನಡೆಯುತ್ತಿದ್ದ ಮನೆಗಳಲ್ಲಿ ದರ ಇಳಿಕೆಯ ನಿವ್ವಳ ಲಾಭ ಪತ್ರಿಕೆಯಲ್ಲಿ ಕಂಡಷ್ಟು ಇರುವುದಿಲ್ಲ.

ಇಪ್ಪತ್ತು ವರ್ಷದ ಸಾಲ ದರಗಳ ಏರಿಳಿತವನ್ನು ಹಲವು ಸಲ ಕಾಣುತ್ತದೆ. 2020ರಿಂದ ಈಚೆಗಷ್ಟೇ ರೆಪೊ ಶೇ 4, ಶೇ 6.50, ಶೇ 5.25 ಮೂರನ್ನೂ ನೋಡಿದೆ. ಈಗ ಮಂಜೂರಾಗುತ್ತಿರುವ ಸಾಲಗಳ ಕಂತು ಕಡಿಮೆ ದರದ ಮೇಲೆ ಕಟ್ಟಿದ್ದು. ಮುಂದೆ ದರ ಏರಿದರೆ 2021ರವರಿಗೆ ಆದದ್ದೇ ಇವರಿಗೂ ಆಗುತ್ತದೆ, ಅದೂ ಮಕ್ಕಳು ಹೈಸ್ಕೂಲು ಮುಟ್ಟುವ ಹೊತ್ತಿಗೆ. ಹೊಸದಾಗಿ ಸಾಲ ಮಾಡುವವರು ಬ್ಯಾಂಕ್ ಹೇಳಿದ ಕಂತಿನ ಜೊತೆಗೆ, ಎರಡು ಅಂಶ ಹೆಚ್ಚಿನ ಬಡ್ಡಿಯಲ್ಲಿ ಕಂತು ಎಷ್ಟಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕಿ, ಅದನ್ನು ಒಂದೇ ಸಂಬಳದ ಪಕ್ಕ ಇಟ್ಟು ನೋಡುವುದು ಒಳ್ಳೆಯದು.

ಸಾಲ ಪೂರ್ತಿ ತೀರಿಸುವ ಹಂತಕ್ಕೆ ಬಂದವರಿಗೆ ಒಂದು ಮಾತು ಉಳಿದಿದೆ. ಪೂರ್ತಿ ಹಣ ಕಟ್ಟಿದ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸು ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರ ಕೈಗೆ ಬಂದರೆ ಕೆಲಸ ಮುಗಿಯಲಿಲ್ಲ. ಸಾಲ ಕೊಡುವಾಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬ್ಯಾಂಕ್ ದಾಖಲಿಸಿದ್ದ ಅಡಮಾನವನ್ನು ಅಲ್ಲೇ ರದ್ದು ಮಾಡಿಸಬೇಕು. ಮಾಡಿಸದಿದ್ದರೆ ‘ನೋ ಡ್ಯೂ’ ಪತ್ರ ಬೀರುವಿನಲ್ಲಿದ್ದರೂ ಇಸಿಯಲ್ಲಿ (ಆಸ್ತಿಯ ಋಣಭಾರ ಪತ್ರದಲ್ಲಿ) ಸಾಲ ಹಾಗೇ ಕಾಣುತ್ತಿರುತ್ತದೆ, ಮಗನ ಓದಿಗೆಂದು ಅದೇ ಮನೆಯ ಮೇಲೆ ಮತ್ತೆ ಸಾಲ ಕೇಳಲು ಹೋದ ದಿನ ಅದು ಎದುರಾಗುತ್ತದೆ.